ಸಪ್ತಾಪುರದ ಚದುರಂಗ ತರಗತಿ: ಹನ್ನೆರಡು ರವಿವಾರಗಳ ಓಪನಿಂಗ್ ಪಾಠ

ಧಾರವಾಡದ ಸಪ್ತಾಪುರದಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗಳ ಕೋಚಿಂಗ್ ಕೇಂದ್ರಗಳ ಫಲಕಗಳು ಒಂದರ ಮೇಲೊಂದು ಏರಿ ನಿಂತಿರುವ ಓಣಿಯೊಂದರ ಕೊನೆಯಲ್ಲಿ, ಯಾವ ಫಲಕವೂ ಇಲ್ಲದ ಒಂದು ಮನೆಯ ಮಹಡಿಯ ಮೇಲೆ ಪ್ರತಿ ರವಿವಾರ ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡರವರೆಗೆ ಚದುರಂಗದ ತರಗತಿ ನಡೆಯುತ್ತದೆ. ಇಲ್ಲಿ ಕಲಿಸುವುದು ಓಪನಿಂಗ್‌ಗಳನ್ನು, ಎಂದರೆ ಆಟದ ಮೊದಲ ಹತ್ತು ಹದಿನೈದು ನಡೆಗಳನ್ನು ಮತ್ತು ಆ ನಡೆಗಳೊಳಗೆ ಅಡಗಿ ಕುಳಿತಿರುವ ಹೊಡೆತಗಳನ್ನು ಮಾತ್ರ. ಹನ್ನೆರಡು ರವಿವಾರಗಳ ಒಂದು ಸರಣಿಗೆ ಶುಲ್ಕ 3,600 ರೂಪಾಯಿ. ಈ ಸಲದ ಮಳೆಗಾಲದ ಸರಣಿಗೆ ನಾನು ಹೋದದ್ದು ಹನ್ನೊಂದು ವರ್ಷದ ಮಗಳನ್ನು ಸೇರಿಸಲೆಂದು. ಮೊದಲ ದಿನದ ಪಾಠವನ್ನು ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತು ಕೇಳಿದ ಮೇಲೆ, ಮರುವಾರ ನನ್ನ ಶುಲ್ಕವನ್ನೂ ಕಟ್ಟಿ ನಾನೂ ಪಟದ ಮುಂದೆ ಕುಳಿತೆ. ಕಲಿಸುವವರು ನಿವೃತ್ತ ಗಣಿತ ಅಧ್ಯಾಪಕರು. ಇರುವುದು ಹತ್ತು ಪಟ, ಇಪ್ಪತ್ತು ಜನಕ್ಕಿಂತ ಹೆಚ್ಚು ಬಂದರೆ ಪ್ರತಿಯೊಬ್ಬರ ಆಟ ನೋಡಲು ಆಗುವುದಿಲ್ಲ, ಆದ್ದರಿಂದ ಹೆಸರು ಬರೆಯಬೇಡಿ ಎಂದು ಅವರು ಕೇಳಿಕೊಂಡಿರುವುದರಿಂದ ಇಲ್ಲಿ ಅವರನ್ನು ಮಾಸ್ತರರೆಂದೇ ಕರೆಯುತ್ತೇನೆ.

ಮಗಳು ಇದಕ್ಕೆ ಮುಂಚೆ ಹುಬ್ಬಳ್ಳಿಯಲ್ಲಿ ಬೇರೊಂದು ತರಗತಿಗೆ ಒಂದೂವರೆ ವರ್ಷ ಹೋಗಿದ್ದಳು. ಅಲ್ಲಿ ಓಪನಿಂಗ್ ಎಂದರೆ ಮಗ್ಗಿಯಂತೆ ಬಾಯಿಪಾಠ. ಪ್ರತಿ ವಾರ ಒಂದು ಹಾಳೆ, ಹಾಳೆಯ ತುಂಬ ನಡೆಗಳು, ಮರುವಾರ ಒಪ್ಪಿಸಬೇಕು. ಯಾವ ನಡೆ ಯಾಕೆ ಎಂದು ಕೇಳಿದ ಮಗುವಿಗೆ ಕಂಪ್ಯೂಟರ್ ಹಾಗೆಯೇ ಹೇಳುತ್ತದೆ ಎಂಬ ಉತ್ತರ. ಅವಳು ಸಿಸಿಲಿಯನ್ ಡಿಫೆನ್ಸ್‌ನ ಹದಿನಾಲ್ಕು ನಡೆಗಳನ್ನು ಕಣ್ಣು ಮುಚ್ಚಿ ಹೇಳುತ್ತಿದ್ದಳು, ಆದರೆ ಎದುರಾಳಿ ನಾಲ್ಕನೆಯ ನಡೆಯಲ್ಲೇ ಹಾಳೆಯಲ್ಲಿಲ್ಲದ ಒಂದು ಕಾಯಿಯನ್ನು ಸರಿಸಿದರೆ ಅವಳ ಕೈ ಗಾಳಿಯಲ್ಲೇ ನಿಲ್ಲುತ್ತಿತ್ತು. ಅದೇ ಅವಧಿಯಲ್ಲಿ ಅವಳು ಒಂದು ವಿಡಿಯೊದಲ್ಲಿ ಲೆಗಾಲ್ ಮೇಟ್ ಎಂಬ ಪ್ರಸಿದ್ಧ ಹೊಡೆತವನ್ನು ನೋಡಿಕೊಂಡಿದ್ದಳು. ಮಂತ್ರಿಯನ್ನೇ (ಕೆಲವರು ರಾಣಿ ಎನ್ನುವ ಕಾಯಿಯನ್ನೇ) ಬಿಟ್ಟುಕೊಟ್ಟು, ಎರಡು ಕುದುರೆ ಮತ್ತು ಒಂದು ಒಂಟೆಯಿಂದ ಏಳನೆಯ ನಡೆಯಲ್ಲಿ ಚೆಕ್‌ಮೇಟ್ ಮಾಡುವ ಆ ಚಮತ್ಕಾರಕ್ಕೆ ಯಾವ ಮಗುವಿನ ಮನಸ್ಸು ಸೋಲುವುದಿಲ್ಲ? ಶಾಲೆಗಳ ಪಂದ್ಯವೊಂದರಲ್ಲಿ ಅವಕಾಶ ಒದಗಿತೆಂದು ಅವಳು ಕುದುರೆಯನ್ನು ಇ5ಕ್ಕೆ (ಪಟದ ಮನೆಗಳನ್ನು ಬಿಳಿಯ ಎಡದಿಂದ ಎ-ಎಚ್ ಅಕ್ಷರ ಮತ್ತು ಬಿಳಿಯ ಕಡೆಯಿಂದ 1-8 ಅಂಕೆಯಿಂದ ಗುರುತಿಸುತ್ತಾರೆ) ಹಾರಿಸಿದಳು; ಎದುರಾಳಿ ಹುಡುಗ ಮಂತ್ರಿಯನ್ನು ಮುಟ್ಟದೆ ತನ್ನ ಕುದುರೆಯಿಂದ ಆ ಕುದುರೆಯನ್ನು ಹೊಡೆದ. ಆಟ ಅಲ್ಲಿಗೇ ಮುಗಿದಂತಾಯಿತು. ಆ ಸಂಜೆ ಅವಳು ಕೇಳಿದ್ದು ಒಂದೇ ಪ್ರಶ್ನೆ: ವಿಡಿಯೊದಲ್ಲಿ ಆದದ್ದು ನನಗೇಕೆ ಆಗಲಿಲ್ಲ? ನನ್ನ ಬಳಿ ಉತ್ತರವಿರಲಿಲ್ಲ. ಸಪ್ತಾಪುರದ ಈ ತರಗತಿ ಆ ಪ್ರಶ್ನೆಗೆ ಉತ್ತರ ಕೊಟ್ಟ ರೀತಿಯೇ ನಾನು ಈ ವಿಮರ್ಶೆ ಬರೆಯಲು ಕಾರಣ.

ಸೇರಿಸಿಕೊಳ್ಳುವಾಗ ಮಾಸ್ತರರು ಯಾವ ಪರೀಕ್ಷೆಯನ್ನೂ ಮಾಡುವುದಿಲ್ಲ, ಆದರೆ ಕಲಿಯುವವರು ತಾವು ಸೋತ ಐದು ಆಟಗಳ ನಡೆಗಳನ್ನು ಬರೆದು ತರಬೇಕೆಂದು ಹೇಳುತ್ತಾರೆ. ಮಗಳು ತಂದ ಐದರಲ್ಲಿ ಈ ಆಟವೂ ಇತ್ತು. ಮೂರನೆಯ ರವಿವಾರ ನಾವು ಹೋದಾಗ ಉದ್ದನೆಯ ಮೇಜಿನ ಮೇಲೆ ಮೂರು ಪಟಗಳನ್ನು ಸಾಲಾಗಿ ಇಟ್ಟು, ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಸ್ಥಿತಿಯನ್ನು ಜೋಡಿಸಲಾಗಿತ್ತು. ಮೂರರಲ್ಲೂ ಬಿಳಿಯ ಕಾಲಾಳು ಇ4ರಲ್ಲಿ, ಕುದುರೆಗಳು ಎಫ್3 ಮತ್ತು ಸಿ3ರಲ್ಲಿ, ಒಂಟೆ ಸಿ4ರಲ್ಲಿ. ಕಪ್ಪಿನ ಕಾಲಾಳುಗಳು ಇ5 ಮತ್ತು ಡಿ6ರಲ್ಲಿ. ವ್ಯತ್ಯಾಸವೇನೆಂದು ಮೊದಲು ಹತ್ತು ನಿಮಿಷ ಸುಮ್ಮನೆ ನೋಡಬೇಕಿತ್ತು, ಕಾಯಿಗಳನ್ನು ಮುಟ್ಟುವಂತಿರಲಿಲ್ಲ.

ಮೊದಲ ಪಟದಲ್ಲಿ ಕಪ್ಪಿನ ಮಂತ್ರಿಯ ಕಡೆಯ ಕುದುರೆ ಇನ್ನೂ ತನ್ನ ಬಿ8 ಮನೆಯಲ್ಲೇ ಇತ್ತು, ಕಪ್ಪು ತನ್ನ ಸರದಿಯನ್ನು ಜಿ6 ಎಂಬ ಅನಗತ್ಯ ನಡೆಗೆ ಖರ್ಚು ಮಾಡಿತ್ತು, ಮತ್ತು ಕಪ್ಪಿನ ಒಂಟೆ ಜಿ4ರಲ್ಲಿ ಕುಳಿತು ಎಫ್3ರ ಕುದುರೆಯನ್ನು ಹಿಂದಿನ ಮಂತ್ರಿಗೆ ಕಟ್ಟಿಹಾಕಿತ್ತು, ಎಂದರೆ ಕುದುರೆ ಕದಲಿದರೆ ಮಂತ್ರಿ ಒಂಟೆಯ ಬಾಯಿಗೆ. ಇಲ್ಲಿ ಬಿಳಿಯ ಕುದುರೆ ಕಟ್ಟು ಹರಿದುಕೊಂಡು ಇ5ರ ಕಾಲಾಳನ್ನು ಹೊಡೆಯುತ್ತದೆ. ಕಪ್ಪು ಆಸೆಗೆ ಬಿದ್ದು ಮಂತ್ರಿಯನ್ನು ಹೊಡೆದರೆ ಬಿಳಿಯ ಒಂಟೆ ಎಫ್7ಕ್ಕೆ ಬಂದು ಚೆಕ್ ಕೊಡುತ್ತದೆ, ರಾಜ ಇ7ಕ್ಕೆ ಬರಲೇಬೇಕು, ಸಿ3ರ ಕುದುರೆ ಡಿ5ಕ್ಕೆ ಬಂದರೆ ಆಟ ಮುಗಿಯಿತು. ಕಪ್ಪು ಜಾಣತನದಿಂದ ಡಿ6ರ ಕಾಲಾಳಿನಿಂದ ಕುದುರೆಯನ್ನು ಹೊಡೆದರೂ ಬಿಳಿಯ ಮಂತ್ರಿ ಜಿ4ರ ಒಂಟೆಯನ್ನು ಹೊಡೆದು ಒಂದು ಕಾಲಾಳಿನ ಲಾಭದಲ್ಲಿ ನಿಲ್ಲುತ್ತದೆ. ಎರಡನೆಯ ಪಟ ನನ್ನ ಮಗಳದ್ದು. ಅಲ್ಲಿ ಕಪ್ಪಿನ ಆ ಕುದುರೆ ಬಿ8ರಿಂದ ಸಿ6ಕ್ಕೆ ಬಂದಿತ್ತು, ಅಷ್ಟೇ. ಬಿಳಿ ಇ5ರಲ್ಲಿ ಹೊಡೆದಾಗ ಸಿ6ರ ಕುದುರೆ ಅದನ್ನು ಹೊಡೆಯುತ್ತದೆ, ಮತ್ತು ಇ5ಕ್ಕೆ ಬಂದು ಕುಳಿತ ಅದೇ ಕುದುರೆ ಜಿ4ರ ಒಂಟೆಗೂ ಕಾವಲಾಗುತ್ತದೆ. ಬಿಳಿಗೆ ಉಳಿಯುವುದು ಒಂದು ಕುದುರೆಯ ನಷ್ಟ, ಅದರ ಮೇಲೆ ಸಿ4ರ ಒಂಟೆಯ ಮೇಲೂ ಬೆದರಿಕೆ.

ಮೂರನೆಯ ಪಟ ನೋಡಿದಾಗ ನನಗೆ ನಿಜಕ್ಕೂ ಮೈ ಜುಮ್ಮೆಂದಿತು. ಅಲ್ಲಿಯೂ ಕಪ್ಪಿನ ಕುದುರೆ ಸಿ6ರಲ್ಲೇ ಇತ್ತು, ಆದರೆ ಬಿಳಿ ಅದಕ್ಕೆ ಮುಂಚೆ ಎಚ್3 ಎಂದು ಅಂಚಿನ ಕಾಲಾಳನ್ನು ಒಂದು ಮನೆ ತಳ್ಳಿತ್ತು, ಕಪ್ಪಿನ ಒಂಟೆ ಎಚ್5ಕ್ಕೆ ಹಿಂದೆ ಸರಿದಿತ್ತು. ಈಗ ಅದೇ ಇ5ರ ಹೊಡೆತ ಮತ್ತೆ ಜೀವ ಪಡೆಯುತ್ತದೆ. ಕಪ್ಪಿನ ಕುದುರೆ ಇ5ರಲ್ಲಿ ಹೊಡೆದರೆ ಅದು ಜಿ4ನ್ನು ಕಾಯಬಲ್ಲದು, ಎಚ್5ನ್ನು ಕಾಯಲಾರದು. ಬಿಳಿಯ ಮಂತ್ರಿ ಎಚ್5ರ ಒಂಟೆಯನ್ನು ಹೊಡೆಯುತ್ತದೆ; ಕಪ್ಪಿನ ಕುದುರೆ ಸಿ4ರ ಒಂಟೆಯನ್ನು ಹೊಡೆದು ಲೆಕ್ಕ ಸರಿಮಾಡಿದೆ ಎಂದುಕೊಳ್ಳುವಷ್ಟರಲ್ಲಿ ಮಂತ್ರಿ ಬಿ5ರಿಂದ ಚೆಕ್ ಕೊಟ್ಟು ಮರುನಡೆಯಲ್ಲಿ ಆ ಕುದುರೆಯನ್ನೂ ತೆಗೆದುಕೊಳ್ಳುತ್ತದೆ. ಒಂಟೆ ಜಿ4ರಲ್ಲಿದೆಯೋ ಎಚ್5ರಲ್ಲಿದೆಯೋ ಎಂಬ ಒಂದೇ ಮನೆಯ ಅಂತರಕ್ಕೆ ಇಡೀ ಆಟ ತಿರುಗುವುದನ್ನು ಮೂರು ಪಟಗಳ ಮುಂದೆ ನಿಂತು ನೋಡಿದ ಮಗು ಅದನ್ನು ಮರೆಯುವುದಿಲ್ಲ. ಮಗಳು ಮೂರನೆಯ ಪಟದ ಎಚ್3ರ ಕಾಲಾಳಿನ ಮೇಲೆ ಬೆರಳಿಟ್ಟು, ಇದೇ ನನ್ನ ಹತ್ತಿರ ಇರಲಿಲ್ಲ ಎಂದಳು. ಹದಿನೆಂಟನೆಯ ಶತಮಾನದ ಫ್ರೆಂಚ್ ಆಟಗಾರ ಲೆಗಾಲ್‌ನ ಹೆಸರನ್ನೂ, ಆತ ಪ್ರಖ್ಯಾತ ಆಟಗಾರ ಫಿಲಿಡೋರ್‌ನ ಗುರುವಾಗಿದ್ದನೆಂಬುದನ್ನೂ ಮಾಸ್ತರರು ಹೇಳಿದ್ದು ಇಷ್ಟೆಲ್ಲ ಆದ ಮೇಲೆ, ಅದೂ ಒಂದೇ ವಾಕ್ಯದಲ್ಲಿ.

ಇಡೀ ಸರಣಿಯ ಹುರುಳು ಈ ಮೂರು ಪಟಗಳ ಪದ್ಧತಿಯಲ್ಲಿದೆ. ಒಂದು ಹೊಡೆತ ಫಲಿಸುವ ಸ್ಥಿತಿ, ಬಹುಮಟ್ಟಿಗೆ ಅದರಂತೆಯೇ ಕಂಡರೂ ಫಲಿಸದ ಸ್ಥಿತಿ, ಒಂದು ಸಣ್ಣ ಸಿದ್ಧತೆಯಿಂದ ಅದನ್ನು ಮತ್ತೆ ಫಲಿಸುವಂತೆ ಮಾಡಿದ ಸ್ಥಿತಿ. ಹಾಳೆಯ ಮೇಲಿನ ನಡೆಗಳ ಸಾಲು ಈ ಭೇದವನ್ನು ತೋರಿಸಲಾರದು. ಓಪನಿಂಗ್‌ಗಳ ವಿಶ್ವಕೋಶದಲ್ಲಿ ಎ00ಯಿಂದ ಇ99ರವರೆಗೆ ಐದು ಸಂಪುಟಗಳಲ್ಲಿ ಒಟ್ಟು 500 ಸಂಕೇತಗಳಿವೆ. ಅಷ್ಟನ್ನು ಯಾವ ಮಗುವೂ ಬಾಯಿಪಾಠ ಮಾಡಲಾರದು, ಮಾಡಿದರೂ ಎದುರಾಳಿ ಅದನ್ನೇ ಆಡಬೇಕೆಂಬ ನಿಯಮವಿಲ್ಲ. ಮಾಸ್ತರರು ಹನ್ನೆರಡು ವಾರಗಳಿಗೆ ಆರಿಸಿಕೊಂಡಿರುವುದು ಏಳನ್ನು ಮಾತ್ರ.

ಮೊದಲ ದಿನದ ಪಾಠ ಅಮೆರಿಕದ ಆಟಗಾರ ಪಾಲ್ ಮಾರ್ಫಿ 1858ರಲ್ಲಿ ಪ್ಯಾರಿಸ್ಸಿನ ಒಪೆರಾ ಮಂದಿರದಲ್ಲಿ ಇಬ್ಬರು ಶ್ರೀಮಂತರ ಜೋಡಿಯ ಎದುರು ಆಡಿದ ಹದಿನೇಳು ನಡೆಗಳ ಆಟ. ಈ ಆಟವನ್ನು ಎಲ್ಲ ಕಡೆಯೂ ಕಲಿಸುತ್ತಾರೆ, ಕೊನೆಯಲ್ಲಿ ಮಂತ್ರಿಯನ್ನು ಬಿ8ರಲ್ಲಿ ಬಲಿಕೊಟ್ಟು ಆನೆಯಿಂದ ಡಿ8ರಲ್ಲಿ ಮೇಟ್ ಮಾಡುವುದನ್ನು ಕಂಡು ಎಲ್ಲರೂ ಬೆರಗಾಗುತ್ತಾರೆ. ಇಲ್ಲಿ ಮಾತ್ರ ಮಾಸ್ತರರು ಆಟವನ್ನು ಕೊನೆಯ ಸ್ಥಿತಿಯಿಂದ ಆರಂಭಿಸಿ, ಕಪ್ಪಿನ ಯಾವ ಕಾಯಿಗಳು ಒಂದು ಸಲವೂ ಕದಲಲಿಲ್ಲ ಎಂದು ಹುಡುಕಲು ಹೇಳಿದರು. ರಾಜ ಮತ್ತು ಕೆಲವು ಕಾಲಾಳುಗಳನ್ನು ಬಿಟ್ಟರೆ ಎಫ್8ರ ಒಂಟೆ, ಎಚ್8ರ ಆನೆ. ಒಂಟೆ ಯಾಕೆ ಕದಲಲಿಲ್ಲ? ಏಳನೆಯ ನಡೆಯಲ್ಲಿ ಮಾರ್ಫಿಯ ಮಂತ್ರಿ ಬಿ3ಕ್ಕೆ ಬಂದು ಒಂದೇ ಏಟಿಗೆ ಎಫ್7 ಮತ್ತು ಬಿ7 ಎರಡರ ಮೇಲೂ ಕಣ್ಣಿಟ್ಟಿತು, ಎಫ್7ನ್ನು ಕಾಯಲು ಕಪ್ಪಿನ ಮಂತ್ರಿ ಇ7ಕ್ಕೆ ಬರಬೇಕಾಯಿತು, ಬಂದು ತನ್ನದೇ ಒಂಟೆಯ ದಾರಿಗೆ ಅಡ್ಡ ನಿಂತಿತು. ಒಂಟೆ ಹೊರಬರಲಿಲ್ಲವಾದ್ದರಿಂದ ಆ ಕಡೆ ಕ್ಯಾಸ್ಲಿಂಗ್ (ಒಂದೇ ನಡೆಯಲ್ಲಿ ರಾಜನನ್ನು ಬದಿಗೆ ಸರಿಸಿ ಆನೆಯನ್ನು ಅವನ ಪಕ್ಕಕ್ಕೆ ತರುವುದು) ಆಗಲಿಲ್ಲ, ಕ್ಯಾಸ್ಲಿಂಗ್ ಆಗಲಿಲ್ಲವಾದ್ದರಿಂದ ಆನೆ ಆಟಕ್ಕೆ ಬರಲಿಲ್ಲ. ಕೊನೆಯ ಮಂತ್ರಿ ಬಲಿಯ ಬೀಜ ಏಳನೆಯ ನಡೆಯಲ್ಲಿ ಬಿದ್ದಿತ್ತು ಎಂಬುದು ಹೀಗೆ ಹಿಂದಿನಿಂದ ಮುಂದಕ್ಕೆ ಬಂದಾಗ ಹತ್ತು ವರ್ಷದ ಮಕ್ಕಳಿಗೂ ಕಂಡಿತು. ಆ ದಿನ ಬಾಗಿಲ ಬಳಿಯ ಕುರ್ಚಿಯಿಂದ ಇದನ್ನು ನೋಡಿಯೇ ನಾನು ಶುಲ್ಕ ಕಟ್ಟಲು ನಿರ್ಧರಿಸಿದ್ದು.

ತರಗತಿಯ ಭಾಷೆ ಪೂರ್ಣವಾಗಿ ಕನ್ನಡ. ಓಪನಿಂಗ್‌ಗಳ ಹೆಸರುಗಳು ಹಾಗೆಯೇ ಇರುತ್ತವೆ, ಆದರೆ ವಿವರಣೆಯಲ್ಲಿ ಕಟ್ಟು, ಕಾವಲು, ಅಡ್ಡ, ಬೆನ್ನು ಕಾಯುವುದು ಎಂಬ ಮಾತುಗಳೇ ಓಡಾಡುತ್ತವೆ. ನಡೆ ಬರೆಯುವುದೂ ಕನ್ನಡದಲ್ಲೇ: ಕುದುರೆಗೆ ‘ಕು’, ಒಂಟೆಗೆ ‘ಒಂ’, ಆನೆಗೆ ‘ಆ’. ಅಂತರರಾಷ್ಟ್ರೀಯ ಚದುರಂಗ ಸಂಸ್ಥೆಯಾದ ಫಿಡೆಯ ನಿಯಮಗಳೇ ಆಟಗಾರ ತನ್ನ ನಾಡಿನಲ್ಲಿ ರೂಢಿಯಲ್ಲಿರುವ ಕಾಯಿಯ ಹೆಸರಿನ ಮೊದಲ ಅಕ್ಷರವನ್ನು ಬಳಸಲು ಅವಕಾಶ ಕೊಡುತ್ತವೆ ಎಂಬುದು ನನಗೆ ಇಲ್ಲಿ ಬಂದ ಮೇಲೆ ತಿಳಿಯಿತು. ಆದರೆ ರಾಜ ಮತ್ತು ರಾಣಿ ಎರಡಕ್ಕೂ ‘ರಾ’ ಎಂದೇ ಬರೆಯಬೇಕಾಗುತ್ತದೆ. ಅದಕ್ಕಾಗಿ ಈ ತರಗತಿಯಲ್ಲಿ ರಾಣಿ ಎಂಬ ಹೆಸರೇ ಇಲ್ಲ, ಎಲ್ಲರೂ ಮಂತ್ರಿ ಎನ್ನಬೇಕು, ‘ಮ’ ಎಂದು ಬರೆಯಬೇಕು. ಲಕ್ಷ್ಮೇಶ್ವರದ ನಮ್ಮ ಅಜ್ಜ ಅದನ್ನು ವಜೀರ ಎನ್ನುತ್ತಿದ್ದರು, ಕಾಲಾಳನ್ನು ಪ್ಯಾದೆ ಎನ್ನುತ್ತಿದ್ದರು. ಅವರ ವಜೀರನೂ ಮಂತ್ರಿಯೇ ತಾನೆ ಎಂದು ನನಗೆ ಈ ಹೆಸರು ಬೇಗ ರೂಢಿಯಾಯಿತು.

ಈ ಹೆಸರುಗಳಿಂದ ಒಂದು ಪಾಠ ಇನ್ನಷ್ಟು ಸ್ಪಷ್ಟವಾಯಿತು. ಕ್ವೀನ್ಸ್ ಗ್ಯಾಂಬಿಟ್‌ನಲ್ಲಿ ಎಲಿಫೆಂಟ್ ಟ್ರ್ಯಾಪ್ ಎಂಬ ಹಳೆಯ ಬಲೆಯೊಂದಿದೆ. ಬಿಳಿಯ ಒಂಟೆ ಜಿ5ರಿಂದ ಎಫ್6ರ ಕುದುರೆಯನ್ನು ಅದರ ಹಿಂದಿನ ಮಂತ್ರಿಗೆ ಕಟ್ಟಿಹಾಕಿರುತ್ತದೆ, ಕಪ್ಪು ಇನ್ನೊಂದು ಕುದುರೆಯನ್ನು ಡಿ7ಕ್ಕೆ ತಂದಿರುತ್ತದೆ. ಕಟ್ಟಿಹಾಕಿದ ಕುದುರೆ ಕದಲಲಾರದೆಂದು ನಂಬಿ ಬಿಳಿ ಡಿ5ರ ಕಾಲಾಳನ್ನು ಕುದುರೆಯಿಂದ ಹೊಡೆದರೆ, ಕಪ್ಪಿನ ಕುದುರೆ ಕದಲಿಯೇ ಬಿಡುತ್ತದೆ: ಬಂದು ಆ ಕುದುರೆಯನ್ನು ಹೊಡೆಯುತ್ತದೆ. ಬಿಳಿ ಮಂತ್ರಿಯನ್ನು ಹೊಡೆಯಲಿ, ಕಪ್ಪಿನ ಒಂಟೆ ಬಿ4ರಿಂದ ಚೆಕ್ ಕೊಡುತ್ತದೆ, ಬಿಳಿಗೆ ತನ್ನ ಮಂತ್ರಿಯನ್ನು ಅಡ್ಡ ಇಡುವುದಲ್ಲದೆ ಬೇರೆ ದಾರಿಯಿಲ್ಲ, ಎಲ್ಲ ಹೊಡೆದಾಟ ಮುಗಿದಾಗ ಕಪ್ಪಿಗೆ ಒಂದು ಕಾಯಿ ಹೆಚ್ಚು. ಎಲಿಫೆಂಟ್ ಎಂಬ ಹೆಸರು ಕೇಳಿದ ಮಕ್ಕಳು ಆನೆ ಎಲ್ಲಿ ನಡೆಯಿತು ಎಂದು ಹುಡುಕಿದರು. ನಾವು ಆನೆ ಎನ್ನುವ ಕಾಯಿ ಈ ಬಲೆಯಲ್ಲಿ ತನ್ನ ಮೂಲೆ ಬಿಟ್ಟು ಕದಲುವುದೇ ಇಲ್ಲ, ಕೆಲಸವೆಲ್ಲ ಕುದುರೆಯದು ಮತ್ತು ಒಂಟೆಯದು ಎಂದು ಅವರೇ ಕಂಡುಕೊಂಡರು. ಹಾಗೆ ಹುಡುಕುತ್ತಲೇ ಬಲೆಯ ನಿಜವಾದ ಕಾರಣವೂ ಸಿಕ್ಕಿತು: ಎಫ್8ರ ಒಂಟೆಗೆ ಬಿ4ರ ದಾರಿ ತೆರೆದಿರಬೇಕು, ಕುದುರೆ ಸಿ3ರಿಂದ ಹೊರಟುಹೋಗಿ ಬಿಳಿಯ ರಾಜನ ಮೇಲಿನ ಓರೆ ಗೆರೆ ಖಾಲಿಯಾಗಿರಬೇಕು. ಬಲೆಗೆ ಬೀಳುವ ನಡೆಯೇ ಬಲೆಯ ಬಾಗಿಲನ್ನೂ ತೆರೆಯುತ್ತದೆ.

ಇಷ್ಟೆಲ್ಲ ಬಲೆಗಳನ್ನು ಕಲಿಸಿದರೆ ಮಕ್ಕಳು ಎದುರಾಳಿಯ ತಪ್ಪಿಗಾಗಿ ಕಾಯುವ ಆಟಗಾರರಾಗುವುದಿಲ್ಲವೇ ಎಂಬ ಆತಂಕ ನನಗಿತ್ತು. ಐದನೆಯ ವಾರ ಅದಕ್ಕೂ ಉತ್ತರ ಸಿಕ್ಕಿತು. ಆ ದಿನ ಎರಡು ಬಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗಿದರು. ಮೊದಲನೆಯದು ಕಾರೋ-ಕಾನ್ ಎಂಬ ಓಪನಿಂಗ್‌ನಲ್ಲಿ ಬಿಳಿ ಐದನೆಯ ನಡೆಯಲ್ಲಿ ಮಂತ್ರಿಯನ್ನು ಇ2ಕ್ಕೆ ತರುವುದು. ಕಪ್ಪು ಯೋಚಿಸದೆ ರಾಜನ ಕಡೆಯ ಕುದುರೆಯನ್ನು ಎಫ್6ಕ್ಕೆ ತಂದರೆ ಬಿಳಿಯ ಕುದುರೆ ಡಿ6ಕ್ಕೆ ಬಂದು ಆರನೆಯ ನಡೆಯಲ್ಲೇ ಮೇಟ್, ಏಕೆಂದರೆ ಇ7ರ ಕಾಲಾಳು ಕದಲಿದರೆ ರಾಜನಿಗೆ ಇ2ರ ಮಂತ್ರಿಯ ಚೆಕ್. ಎರಡನೆಯದು ಫ್ರೆಂಚ್ ಡಿಫೆನ್ಸ್‌ನಲ್ಲಿ ಬಿಳಿ ಒಂಟೆಯನ್ನು ಡಿ3ಕ್ಕೆ ತಂದು ಡಿ4ರ ಕಾಲಾಳನ್ನು ಕಾವಲಿಲ್ಲದಂತೆ ತೋರಿಸುವುದು. ಕಪ್ಪಿನ ಕುದುರೆ ಅದನ್ನು ಹೊಡೆದು, ಬಿಳಿಯ ಕುದುರೆ ತಿರುಗಿ ಹೊಡೆದು, ಕಪ್ಪಿನ ಮಂತ್ರಿ ಡಿ4ಕ್ಕೆ ಬಂದು ಕುಳಿತರೆ, ಒಂಟೆ ಬಿ5ರಿಂದ ಚೆಕ್ ಕೊಟ್ಟು ಡಿ ಸಾಲನ್ನು ತೆರೆಯುತ್ತದೆ, ಕಪ್ಪಿನ ಮಂತ್ರಿ ಹೋಯಿತು.

ಎರಡೂ ನೋಡಲು ಸಮಾನ ಸೊಗಸಿನವು. ಆದರೆ ಎದುರಾಳಿ ಬೀಳದಿದ್ದರೆ ಏನು ಉಳಿಯುತ್ತದೆ ಎಂದು ಕೇಳಿದರು. ಮೊದಲನೆಯದರಲ್ಲಿ ಬಿಳಿಯ ಮಂತ್ರಿ ತನ್ನದೇ ಎಫ್1ರ ಒಂಟೆಗೆ ಅಡ್ಡ ನಿಂತಿದೆ, ಇನ್ನೊಂದು ನಡೆ ಖರ್ಚು ಮಾಡಿ ಅದನ್ನು ಸರಿಪಡಿಸಿಕೊಳ್ಳಬೇಕು. ಎರಡನೆಯದರಲ್ಲಿ ಒಂಟೆ ಡಿ3ರಂಥ ಒಳ್ಳೆಯ ಮನೆಯಲ್ಲಿ ಕುಳಿತಿದೆ, ಕಪ್ಪು ಎಚ್ಚರದಿಂದ ಮೊದಲು ಒಂಟೆಯನ್ನು ಡಿ7ಕ್ಕೆ ತಂದರೂ ಬಿಳಿಗೆ ನಷ್ಟವೇನಿಲ್ಲ, ಡಿ4ನ್ನು ಈಗ ನಿಜವಾಗಿ ಕಾಯಬೇಕೆಂಬ ಎಚ್ಚರವೊಂದೇ ಬೇಕು. ಹೀಗೆ ಬಲೆಯ ಬೆಲೆಯನ್ನು ಅದು ತಪ್ಪಿದಾಗ ಉಳಿಯುವ ಸ್ಥಿತಿಯಿಂದ ಅಳೆಯುವ ಅಭ್ಯಾಸವೊಂದಕ್ಕೇ ನಾನು ಕೊಟ್ಟ ಶುಲ್ಕ ಸಂದಿತು ಎಂದು ನನ್ನ ಭಾವನೆ.

ನನ್ನ ಸ್ವಂತ ಕಲಿಕೆಯಲ್ಲಿ ಮರೆಯಲಾಗದ್ದು ಟು ನೈಟ್ಸ್ ಡಿಫೆನ್ಸ್‌ನ ವಾರ. ಇಟಾಲಿಯನ್ ಆಟದಲ್ಲಿ ಬಿಳಿಯ ಕುದುರೆ ಜಿ5ಕ್ಕೆ ಬಂದು ಒಂಟೆಯ ಜೊತೆ ಸೇರಿ ಎಫ್7ರ ಮೇಲೆ ಬೀಳುತ್ತದೆ. ಆಟದ ಆರಂಭದಲ್ಲಿ ಆ ಮನೆಗೆ ರಾಜನೊಬ್ಬನದೇ ಕಾವಲು. ಕಪ್ಪು ಡಿ5 ಎಂದು ಒಂಟೆಯ ದಾರಿಯನ್ನು ಮುಚ್ಚುತ್ತದೆ, ಬಿಳಿಯ ಕಾಲಾಳು ಅದನ್ನು ಹೊಡೆಯುತ್ತದೆ. ನಾನು ಮೂವತ್ತು ವರ್ಷಗಳಿಂದ ಆಡುತ್ತ ಬಂದಂತೆ ಕುದುರೆಯಿಂದ ಆ ಕಾಲಾಳನ್ನು ವಾಪಸು ಹೊಡೆದೆ. ಎದುರಿಗಿದ್ದ ಒಂಬತ್ತನೆಯ ತರಗತಿಯ ಹುಡುಗ ಕುದುರೆಯನ್ನು ಎಫ್7ರಲ್ಲಿ ಬಲಿಕೊಟ್ಟ, ಮಂತ್ರಿಯನ್ನು ಎಫ್3ಕ್ಕೆ ತಂದು ಚೆಕ್ ಕೊಟ್ಟ, ಡಿ5ರ ಕುದುರೆಯನ್ನು ಉಳಿಸಿಕೊಳ್ಳಲು ನನ್ನ ರಾಜ ಇ6ಕ್ಕೆ, ಪಟದ ನಡುವಿಗೆ ಬರಬೇಕಾಯಿತು. ಇದೇ ಫ್ರೈಡ್ ಲಿವರ್ ದಾಳಿ. ಮಾಸ್ತರರು ಪಕ್ಕದಲ್ಲಿ ನಿಂತು ಕೇಳಿದ್ದು ಇಷ್ಟೇ: ಆ ಕಾಲಾಳನ್ನು ಆಗಲೇ ವಾಪಸು ಪಡೆಯಬೇಕೆಂದು ನಿಮಗೆ ಅನಿಸಿದ್ದೇಕೆ? ಕಪ್ಪು ಅದನ್ನು ಬಿಟ್ಟು, ಸಿ6ರ ಕುದುರೆಯನ್ನು ಎ5ಕ್ಕೆ ತಂದು ಸಿ4ರ ಒಂಟೆಯನ್ನೇ ಪ್ರಶ್ನಿಸಿದರೆ ದಾಳಿಯ ಬೇರು ಅಲುಗಾಡುತ್ತದೆ. ಒಂಟೆ ಬಿ5ರಿಂದ ಚೆಕ್ ಕೊಡಲಿ, ಸಿ6ಕ್ಕೆ ಕಾಲಾಳನ್ನು ತಂದರಾಯಿತು. ಒಂದು ಕಾಲಾಳು ಹೋಗುತ್ತದೆ, ಬದಲಿಗೆ ಬಿಳಿಯ ಕಾಯಿಗಳನ್ನು ಒಂದೊಂದಾಗಿ ಹಿಂದಕ್ಕೆ ಅಟ್ಟುತ್ತ ಕಪ್ಪು ತನ್ನ ಕಾಯಿಗಳನ್ನು ಹೊರತರುತ್ತದೆ. ಬ್ಯಾಂಕಿನಲ್ಲಿ ಲೆಕ್ಕ ಬರೆದು ಪಳಗಿದ ನನ್ನ ಕೈಗೆ ಹೋದದ್ದನ್ನು ಹೋಗಲು ಬಿಡುವ ಈ ನಡೆ ಅಂಟಲು ಮೂರು ವಾರ ಬೇಕಾಯಿತು.

ಮನೆಪಾಠಕ್ಕೆ ಲಿಚೆಸ್ ಎಂಬ ಉಚಿತ ತಾಣವನ್ನು ಬಳಸುತ್ತಾರೆ. ಅದರಲ್ಲಿ ಜಾಹೀರಾತಿಲ್ಲ, ಅದರ ಓಪನಿಂಗ್ ಎಕ್ಸ್‌ಪ್ಲೋರರ್‌ನಲ್ಲಿ ಯಾವ ಸ್ಥಿತಿಯಿಂದ ಮಾಸ್ಟರ್ ಆಟಗಾರರು ಯಾವ ನಡೆಯನ್ನು ಎಷ್ಟು ಸಲ ಆಡಿದ್ದಾರೆ ಎಂದು ಕಾಣುತ್ತದೆ, ಮತ್ತು ಸ್ಟಡಿ ಎಂಬ ಭಾಗದಲ್ಲಿ ಪ್ರತಿ ನಡೆಗೂ ಟಿಪ್ಪಣಿ ಬರೆದಿಡಬಹುದು. ಎಂಜಿನ್‌ನ, ಎಂದರೆ ಒಳ್ಳೆಯ ನಡೆಯನ್ನು ಲೆಕ್ಕ ಹಾಕಿ ತೋರಿಸುವ ತಂತ್ರಾಂಶದ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾದ ನಿಯಮವಿದೆ: ತಾನೇಕೆ ಆ ನಡೆ ಆಡಿದೆ ಎಂದು ಮೂರು ಕನ್ನಡ ವಾಕ್ಯಗಳಲ್ಲಿ ಬರೆಯುವವರೆಗೆ ಸ್ಟಾಕ್‌ಫಿಶ್ ಎಂಬ ಆ ಎಂಜಿನ್ ಅನ್ನು ಚಾಲೂ ಮಾಡುವಂತಿಲ್ಲ. ಮೊದಲ ವಾರ ಮಗಳು ಬರೆದದ್ದು ‘ಚಲೋ ಅನಿಸಿತು’ ಎಂಬ ಒಂದೇ ವಾಕ್ಯ. ಒಂಬತ್ತನೆಯ ವಾರದ ಅವಳ ಟಿಪ್ಪಣಿ ನನ್ನ ಮುಂದಿದೆ: ‘ಕುದುರೆ ಸಿ6ಕ್ಕೆ ಬಂದರೆ ಡಿ4ರ ಮೇಲೆ ಎರಡು ಒತ್ತಡ. ಅವರು ಡಿ5 ತಳ್ಳಿದರೆ ಕುದುರೆ ಇ7ಕ್ಕೆ ಹೋಗಬೇಕು, ಆಗ ನನ್ನ ಒಂಟೆಗೆ ಅಡ್ಡ. ಅದಕ್ಕೇ ಮೊದಲು ಒಂಟೆ.’ ಈ ಮೂರು ವಾಕ್ಯಗಳಿಗಾಗಿ ನಾನು ಇನ್ನೊಂದು ಸರಣಿಯ ಶುಲ್ಕವನ್ನೂ ಸಂತೋಷದಿಂದ ಕಟ್ಟುತ್ತೇನೆ.

ಕೊರತೆಗಳೂ ಇವೆ, ಅವನ್ನು ಮರೆಮಾಚಬಾರದು. ಎಲ್ಲಕ್ಕಿಂತ ದೊಡ್ಡದು, ಹನ್ನೆರಡು ವಾರಗಳಲ್ಲಿ ಒಂಬತ್ತು ವಾರ ಇ4ರಿಂದ, ಎಂದರೆ ಬಿಳಿ ಮೊದಲ ನಡೆಯಲ್ಲೇ ಕಾಲಾಳನ್ನು ಇ4ಕ್ಕೆ ತಳ್ಳುವುದರಿಂದ ಆರಂಭವಾಗುವ ಆಟಗಳಿಗೇ ಹೋಗುತ್ತದೆ. ಡಿ4ರ ಆಟಗಳಿಗೆ ಎರಡೇ ವಾರ ಸಿಕ್ಕಿತು, ಅದರಲ್ಲಿ ಕಿಂಗ್ಸ್ ಇಂಡಿಯನ್‌ಗೆ ಸಿಕ್ಕಿದ್ದು ಒಂದೇ ತಾಸು. ನನಗೆ ಇದು ವಿಶೇಷವಾಗಿ ನೋವಿನ ಸಂಗತಿ. ಆ ಓಪನಿಂಗ್‌ಗಳಿಗೆ ಇಂಡಿಯನ್ ಎಂಬ ಹೆಸರು ಬಂದದ್ದೇ 19ನೆಯ ಶತಮಾನದ ನಡುವಿನಲ್ಲಿ ಕಲ್ಕತ್ತೆಯಲ್ಲಿ ಮೊಹೇಶ್‌ಚಂದ್ರ ಬ್ಯಾನರ್ಜಿಯವರು ಸ್ಕಾಟ್ಲೆಂಡಿನ ಜಾನ್ ಕಾಕ್ರೇನ್ ಎದುರು ಆಡಿದ ಆಟಗಳಿಂದ. ನಮ್ಮ ಅಜ್ಜ ಆಡುತ್ತಿದ್ದ ಹಳೆಯ ದೇಶಿ ಪದ್ಧತಿಯಲ್ಲಿ ಪ್ಯಾದೆ ಮೊದಲ ನಡೆಯಲ್ಲೂ ಒಂದೇ ಮನೆ ನಡೆಯಬೇಕಿತ್ತು, ಕ್ಯಾಸ್ಲಿಂಗ್ ಇರಲಿಲ್ಲ, ರಾಜ ಒಂದು ಸಲ ಕುದುರೆಯಂತೆ ಹಾರಿ ಮೂಲೆಯ ಕಡೆ ಸರಿದುಕೊಳ್ಳುತ್ತಿದ್ದ. ಹಾಗೆ ಆಡಿ ಬೆಳೆದವರಿಗೆ ಜಿ6, ಡಿ6 ಎಂದು ಒಂದೊಂದೇ ಮನೆ ಇಟ್ಟು, ಒಂಟೆಯನ್ನು ಜಿ7ರಲ್ಲಿ ಕೂರಿಸಿ, ನಡುವಣ ಮನೆಗಳನ್ನು ಎದುರಾಳಿಗೆ ಬಿಟ್ಟುಕೊಟ್ಟು, ಆಮೇಲೆ ಇ5 ಅಥವಾ ಸಿ5ರಿಂದ ಅದನ್ನು ಒಡೆಯುವುದು ಸಹಜವೇ ಆಗಿದ್ದಿರಬೇಕು. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಅದೇ ದೇಶಿ ನಿಯಮಗಳಿಂದ ಆಟ ಕಲಿತು, ಯುರೋಪಿನ ಓಪನಿಂಗ್‌ಗಳ ಪರಿಚಯ ಅಷ್ಟಾಗಿ ಇಲ್ಲದೆಯೇ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಅಜ್ಜನ ಆಟಕ್ಕೂ ಈ ಓಪನಿಂಗ್‌ಗೂ ಇರುವ ನಂಟನ್ನು ಕನ್ನಡದಲ್ಲೇ ಪಾಠ ಹೇಳುವ ತರಗತಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು? ಅದಕ್ಕೆ ಮೂರು ವಾರವಾದರೂ ಕೊಡಬೇಕಿತ್ತು. ಇದನ್ನು ಮಾಸ್ತರರಿಗೂ ಹೇಳಿದ್ದೇನೆ; ಮುಂದಿನ ಸರಣಿಯಲ್ಲಿ ಇಟಾಲಿಯನ್‌ನಿಂದ ಒಂದು ವಾರ ಕಡಿತ ಮಾಡುವೆನೆಂದು ಒಪ್ಪಿದ್ದಾರೆ.

ಇನ್ನೊಂದು ತೊಡಕು ಮಟ್ಟಗಳದ್ದು. ಕಾಯಿಗಳ ನಡೆಯನ್ನಷ್ಟೇ ಬಲ್ಲ ಎಂಟು ವರ್ಷದವರೂ, ಫಿಡೆ ರೇಟಿಂಗ್ ಇರುವ ಕಾಲೇಜು ವಿದ್ಯಾರ್ಥಿಗಳೂ ಒಂದೇ ಕೋಣೆಯಲ್ಲಿ ಕುಳಿತಿರುತ್ತಾರೆ. ಮೂರು ಪಟಗಳ ಪದ್ಧತಿ ಇಬ್ಬರನ್ನೂ ಸ್ವಲ್ಪ ಮಟ್ಟಿಗೆ ಹಿಡಿದಿಡುತ್ತದೆಯಾದರೂ, ಹನ್ನೊಂದು ಗಂಟೆಯ ಹೊತ್ತಿಗೆ ಚಿಕ್ಕವರ ಗಮನ ಕಿಟಕಿಯ ಕಡೆ ಹರಿಯುವುದನ್ನು ಪ್ರತಿ ವಾರ ನೋಡಿದ್ದೇನೆ. ಹತ್ತು ವರ್ಷದೊಳಗಿನವರಿಗೆ ಪ್ರತ್ಯೇಕವಾಗಿ ಒಂದು ತಾಸಿನ ಪಾಠವಿದ್ದರೆ ಸಾಕು, ಎರಡೂವರೆ ತಾಸು ಅವರಿಗೆ ಹೆಚ್ಚು. ಕೊಡುವ ಹಾಳೆಗಳು ಝೆರಾಕ್ಸ್‌ನ ಝೆರಾಕ್ಸ್ ಆಗಿರುವುದರಿಂದ ಚಿತ್ರಗಳಲ್ಲಿ ಕಪ್ಪು ಒಂಟೆಯೂ ಕಪ್ಪು ಕಾಲಾಳೂ ಒಂದೇ ತೆರ ಕಾಣುತ್ತವೆ. ನಾಲ್ಕನೆಯ ಪಟದಲ್ಲಿ ಕಪ್ಪಿನ ಒಂದು ಆನೆ ಕಳೆದುಹೋಗಿ ಅದರ ಜಾಗದಲ್ಲಿ ಸೀಸೆಯ ಮುಚ್ಚಳವಿದೆ. ಮಳೆ ಜೋರಾದ ದಿನ ಮಹಡಿಯ ತಗಡಿನ ಸದ್ದಿಗೆ ಹಿಂದಿನ ಸಾಲಿನವರಿಗೆ ಮಾತು ಕೇಳಿಸುವುದಿಲ್ಲ, ಆ ದಿನ ಮುಂದೆ ಕುಳಿತುಕೊಳ್ಳುವುದು ಒಳ್ಳೆಯದು.

ಹುಬ್ಬಳ್ಳಿಯಿಂದ ಬರುವವರು ಚಿಗರಿ ಬಸ್ಸಿನಲ್ಲಿ ಜುಬಿಲಿ ಸರ್ಕಲ್‌ವರೆಗೆ ಬಂದು ಅಲ್ಲಿಂದ ಆಟೊ ಹಿಡಿಯಬಹುದು. ನಾವು ಎಂಟೂಕಾಲಿಗೆ ಮನೆ ಬಿಟ್ಟರೆ ಹತ್ತು ನಿಮಿಷ ಮುಂಚೆಯೇ ತಲುಪುತ್ತಿದ್ದೆವು. ಬರುವಾಗಿನ ಬಸ್ಸಿನ ಸಮಯವನ್ನೂ ಮಗಳು ಬಿಡುತ್ತಿರಲಿಲ್ಲ. ಫೋನನ್ನು ಚೀಲದಲ್ಲಿಟ್ಟು, ಪಟವಿಲ್ಲದೆ ಬಾಯಲ್ಲೇ ನಡೆ ಹೇಳುತ್ತ ಇಬ್ಬರೂ ಆಡುತ್ತಿದ್ದೆವು, ಉಣಕಲ್ ದಾಟುವಷ್ಟರಲ್ಲಿ ಕಾಯಿಗಳು ಎಲ್ಲಿವೆ ಎಂಬುದು ನನಗೆ ಮಸುಕಾಗುತ್ತಿತ್ತು, ಅವಳಿಗೆ ನವಲೂರಿನವರೆಗೂ ನೆನಪಿರುತ್ತಿತ್ತು.

ಕಾಯಿಗಳ ನಡೆ ಬಲ್ಲ, ಆದರೆ ಹತ್ತನೆಯ ನಡೆಯೊಳಗೇ ಆಟ ಕೈತಪ್ಪುತ್ತಿದೆ ಎನಿಸಿದ ಹತ್ತರಿಂದ ಹದಿನಾರು ವರ್ಷದ ಮಕ್ಕಳಿಗೆ, ಮತ್ತು ನನ್ನಂತೆ ಬಾಲ್ಯದಿಂದ ಆಡಿಯೂ ಓಪನಿಂಗ್ ಎಂದರೇನೆಂದು ತಿಳಿಯದೆ ಉಳಿದ ದೊಡ್ಡವರಿಗೆ ಈ ತರಗತಿಯನ್ನು ಮನಸಾರೆ ಸೂಚಿಸುತ್ತೇನೆ. ಈಗಾಗಲೇ ರೇಟಿಂಗ್ ಪಂದ್ಯಗಳಲ್ಲಿ ಆಡುತ್ತ, ಕಪ್ಪು ಕಾಯಿಗಳಿಂದ ಡಿ4ರ ಎದುರು ಪೂರ್ಣ ಸಿದ್ಧತೆ ಬೇಕೆನ್ನುವವರಿಗೆ ಸದ್ಯದ ಸರಣಿ ಸಾಲದು. ಮುಂದಿನ ಸರಣಿ ದೀಪಾವಳಿ ಮುಗಿದ ಮೇಲಿನ ರವಿವಾರದಿಂದ. ಸೋತ ಐದು ಆಟಗಳ ಜೊತೆಗೆ ಇನ್ನೂರು ಪುಟದ ಗೆರೆಯ ನೋಟ್‌ಬುಕ್ ಒಂದನ್ನು ತಪ್ಪದೆ ಒಯ್ಯಿರಿ, ಆಟದ ದಾಖಲೆ ಬಿಡಿ ಹಾಳೆಯಲ್ಲಿ ಬರೆದರೆ ಮಾಸ್ತರರು ನೋಡುವುದಿಲ್ಲ. ನಾವಿಬ್ಬರೂ ಮತ್ತೆ ಹೆಸರು ಬರೆಸಿದ್ದೇವೆ, ಹೋಗುವಾಗ ನಾಲ್ಕನೆಯ ಪಟಕ್ಕೆ ಒಂದು ಕಪ್ಪು ಆನೆಯನ್ನು ತೆಗೆದುಕೊಂಡು ಹೋಗುವವರಿದ್ದೇವೆ.